ಲಸಿಕೆಯ ನಂತರ ಶಿಶುವಿಗೆ ಬರುವ ಜ್ವರ: ಪೋಷಕರಿಗೆ ಮಾಹಿತಿ

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ರಾಜ್ಯದ ಎಲ್ಲಾ ಶಿಶುಗಳಿಗೆ ಲಸಿಕೆಗಳನ್ನು ಉಚಿತವಾಗಿ ನೀಡಲಾಗುತ್ತಿದೆ. ಕರ್ನಾಟಕದಲ್ಲಿ ಗುರುವಾರವು ಲಸಿಕಾ ದಿನವಾಗಿರುತ್ತದೆ. ಅಂದು ಬೆಳಿಗ್ಗೆ ಲಸಿಕೆ ಪಡೆದ ಶಿಶುವಿಗೆ ಸಂಜೆಯಿಂದ ಮೈ ಬೆಚ್ಚಗಾಗಿ, ರಾತ್ರಿ ಜ್ವರ ಕಾಣಿಸಿಕೊಳ್ಳುವುದು ಸಾಮಾನ್ಯ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂತಹ, ತಾಲ್ಲೂಕು ಕೇಂದ್ರದಿಂದ ದೂರವಿರುವ ಗ್ರಾಮಗಳ ಪೋಷಕರಿಗೆ ಆ ರಾತ್ರಿ ಎದುರಾಗುವ ಪ್ರಶ್ನೆ ಒಂದೇ: ಮಗುವನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದೇ ಅಥವಾ ಈಗಲೇ ಆಸ್ಪತ್ರೆಗೆ ಹೊರಡಬೇಕೇ? ಈ ಪ್ರಶ್ನೆಗೆ ಉತ್ತರವನ್ನು ಜ್ವರ ಬಂದ ಮೇಲೆ ಹುಡುಕುವುದಕ್ಕಿಂತ ಲಸಿಕೆಗೆ ಹೋಗುವ ಮೊದಲೇ ತಿಳಿದಿರುವುದು ಸೂಕ್ತ.

ಜ್ವರ ಬರಲು ಕಾರಣ

ಆರು, ಹತ್ತು ಮತ್ತು ಹದಿನಾಲ್ಕು ವಾರಗಳಲ್ಲಿ ನೀಡಲಾಗುವ ಪೆಂಟಾವೇಲೆಂಟ್ ಲಸಿಕೆಯು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಮತ್ತು ಹಿಬ್ ಎಂಬ ಐದು ಸೋಂಕುಗಳಿಂದ ರಕ್ಷಣೆ ನೀಡುತ್ತದೆ. ಇದರಲ್ಲಿನ ನಾಯಿಕೆಮ್ಮಿನ ಅಂಶವನ್ನು ನಿರ್ಜೀವಗೊಳಿಸಿದ ಇಡೀ ರೋಗಾಣುವಿನಿಂದಲೇ ತಯಾರಿಸಲಾಗುತ್ತದೆ. ಶಿಶುವಿನ ದೇಹವು ಇದನ್ನು ಗುರುತಿಸಿ ಪ್ರತಿರೋಧವನ್ನು ಬೆಳೆಸಿಕೊಳ್ಳುವಾಗ ಜ್ವರ, ಕಿರಿಕಿರಿ, ತೊಡೆಯಲ್ಲಿ ನೋವು ಮತ್ತು ಬಾವು ಉಂಟಾಗುತ್ತವೆ. ಆರು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಇದರೊಂದಿಗೆ ನ್ಯುಮೋಕಾಕಲ್ ಲಸಿಕೆಯನ್ನೂ ನೀಡುವುದರಿಂದ ಆ ಎರಡು ಭೇಟಿಗಳ ನಂತರ ಜ್ವರದ ಸಂಭವ ಸ್ವಲ್ಪ ಹೆಚ್ಚು. ಪೆಂಟಾವೇಲೆಂಟ್ ಲಸಿಕೆಯನ್ನು ಎಡ ತೊಡೆಗೂ ನ್ಯುಮೋಕಾಕಲ್ ಲಸಿಕೆಯನ್ನು ಬಲ ತೊಡೆಗೂ ಹಾಕಲಾಗುತ್ತದೆ. ಆದ್ದರಿಂದ ಎರಡೂ ತೊಡೆಗಳಲ್ಲಿ ನೋವಿದ್ದರೆ ಗಾಬರಿಪಡಬೇಕಾಗಿಲ್ಲ.

ಖಾಸಗಿ ಆಸ್ಪತ್ರೆಗಳಲ್ಲಿ "ನೋವಿಲ್ಲದ ಲಸಿಕೆ" ಎಂದು ಕರೆಯಲಾಗುವ ಲಸಿಕೆಯಲ್ಲಿ ಇಡೀ ರೋಗಾಣುವಿನ ಬದಲು ಅದರ ಕೆಲವು ಅಂಶಗಳು ಮಾತ್ರ ಇರುತ್ತವೆ. ಅದರಿಂದ ಜ್ವರ ಮತ್ತು ನೋವು ಕಡಿಮೆ ಎಂಬುದು ನಿಜ. ಆದರೆ ನಾಯಿಕೆಮ್ಮಿನ ವಿರುದ್ಧ ಅದು ನೀಡುವ ರಕ್ಷಣೆ ಬೇಗ ಕುಂದುತ್ತದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಮೊದಲ ಮೂರು ವರಸೆಗಳಿಗೆ ಇಡೀ ರೋಗಾಣುವಿನ ಲಸಿಕೆಯನ್ನೇ ಮೇಲೆಂದು ಪರಿಗಣಿಸಿದೆ. ಜ್ವರ ಬರುತ್ತದೆ ಎಂಬ ಕಾರಣಕ್ಕೆ ಸರ್ಕಾರಿ ಲಸಿಕೆಯನ್ನು ಕೀಳೆಂದು ಭಾವಿಸುವುದು ಸರಿಯಲ್ಲ. ಜ್ವರ ಬಾರದಿದ್ದರೆ ಲಸಿಕೆ "ಹತ್ತಲಿಲ್ಲ" ಎಂಬ ಮಾತಿಗೂ ಆಧಾರವಿಲ್ಲ.

ಯಾವ ಲಸಿಕೆಗೆ ಯಾವಾಗ ಜ್ವರ

ಜ್ವರ ಎಷ್ಟಿದೆ ಎನ್ನುವುದರಷ್ಟೇ ಅದು ಯಾವಾಗ ಬಂದಿತು ಎಂಬುದೂ ಮುಖ್ಯ. ಪೆಂಟಾವೇಲೆಂಟ್ ಲಸಿಕೆಯ ಜ್ವರವು ಸಾಮಾನ್ಯವಾಗಿ ಮೊದಲ 24 ಗಂಟೆಗಳೊಳಗೆ ಕಾಣಿಸಿಕೊಂಡು ಒಂದೆರಡು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಗುರುವಾರ ಲಸಿಕೆ ಪಡೆದ ಶಿಶುವಿನ ಜ್ವರ ಶುಕ್ರವಾರ ಇಳಿಮುಖವಾಗಿ ಶನಿವಾರ ಬೆಳಗಿನ ಹೊತ್ತಿಗೆ ಬಿಟ್ಟಿರಬೇಕು. ಶನಿವಾರವೂ ಜ್ವರವಿದ್ದಲ್ಲಿ ಅದನ್ನು ಲಸಿಕೆಯ ಜ್ವರವೆಂದು ಭಾವಿಸದೆ, ಭಾನುವಾರದ ರಜೆಗೆ ಮುನ್ನ ಅಂದೇ ವೈದ್ಯರಿಗೆ ತೋರಿಸತಕ್ಕದ್ದು. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದ ನಂಜು ಮುಂತಾದ ಕಾಯಿಲೆಗಳು ಲಸಿಕೆಯ ಸಮಯಕ್ಕೇ ಬರಬಹುದು. "ಸೂಜಿ ಹಾಕಿಸಿದ್ದೇವೆ, ಅದಕ್ಕೇ ಜ್ವರ" ಎಂದು ಕಾದು ಕುಳಿತು ಇಂತಹ ಸೋಂಕಿಗೆ ಚಿಕಿತ್ಸೆ ತಡವಾಗುವುದೇ ಲಸಿಕೆಯ ಜ್ವರಕ್ಕಿಂತ ದೊಡ್ಡ ಅಪಾಯವಾಗಿದೆ.

ಒಂಬತ್ತು ತಿಂಗಳು ತುಂಬಿದ ಮೇಲೆ ನೀಡುವ ದಡಾರ-ರುಬೆಲ್ಲಾ ಲಸಿಕೆಯ ರೀತಿ ಬೇರೆ. ಇದು ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆಯಾದುದರಿಂದ ಜ್ವರ ಮತ್ತು ಸಣ್ಣ ಗುಳ್ಳೆಗಳು ಆರರಿಂದ ಹನ್ನೆರಡು ದಿನಗಳ ನಂತರ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಲಸಿಕೆಯ ನೆನಪೇ ಇಲ್ಲದ ಮನೆಯವರು ಬೇರೇನೋ ಆಯಿತೆಂದು ಭಾವಿಸುವುದುಂಟು. ಜನನದ ವೇಳೆ ಎಡ ತೋಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯ ಜಾಗದಲ್ಲಿ ಕೆಲವು ವಾರಗಳ ನಂತರ ಗುಳ್ಳೆಯೆದ್ದು, ಒಡೆದು, ಕಲೆಯಾಗಿ ಉಳಿಯುತ್ತದೆ. ಅದಕ್ಕೆ ಮುಲಾಮು, ಪಟ್ಟಿ ಯಾವುದೂ ಬೇಡ.

ದಡಾರ-ರುಬೆಲ್ಲಾ ಲಸಿಕೆ ಪಡೆದ ಕೆಲವೇ ಗಂಟೆಗಳಲ್ಲಿ ತೀವ್ರ ಜ್ವರದೊಂದಿಗೆ ವಾಂತಿ ಹಾಗೂ ನೀರಿನಂತಹ ಭೇದಿ ಆರಂಭವಾದರೆ ಅದು ಲಸಿಕೆಯ ಸಹಜ ಜ್ವರವಲ್ಲ. ಪುಡಿರೂಪದ ಈ ಲಸಿಕೆಯನ್ನು ದ್ರಾವಕದೊಡನೆ ಕಲಸಿದ ನಂತರ ನಾಲ್ಕು ಗಂಟೆಗಳೊಳಗೆ ಬಳಸಿ, ಉಳಿದುದನ್ನು ತ್ಯಜಿಸಬೇಕೆಂಬ ನಿಯಮವಿದೆ. ಹಾಗೆ ಮಾಡದೆ ಇಟ್ಟ ಶೀಶೆಯಲ್ಲಿ ರೋಗಾಣುಗಳು ಬೆಳೆದು ಶಿಶುವಿಗೆ ಮಾರಕ ನಂಜು ತಗಲಬಹುದು. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಈ ಲಸಿಕೆ ಪಡೆದ ಮೂರು ಶಿಶುಗಳು ಮೃತಪಟ್ಟವು. ಲಸಿಕೆಯ ಶೀಶೆಗಳ ನಿರ್ವಹಣೆಯಲ್ಲಿ ಲೋಪವಾಗಿತ್ತೆಂದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂದು ಸಿಬ್ಬಂದಿಯನ್ನು ಅಮಾನತುಗೊಳಿಸಲಾಯಿತು. ಶೀಶೆಯನ್ನು ಯಾವಾಗ ಕಲಸಲಾಯಿತು ಎಂಬ ಸಮಯವನ್ನು ಅದರ ಮೇಲೆಯೇ ಬರೆದಿರಬೇಕು. ಅದನ್ನು ತೋರಿಸುವಂತೆ ಕೇಳುವುದು ಪೋಷಕರ ಹಕ್ಕು. ಕೇಳಿದರೆ ಆರೋಗ್ಯ ಕಾರ್ಯಕರ್ತೆಯರು ಬೇಸರಪಡಬೇಕಾದ ವಿಷಯವೂ ಅಲ್ಲ.

ಜ್ವರವನ್ನು ಅಳೆಯುವುದು

ಹಣೆಯ ಮೇಲೆ ಅಂಗೈಯಿಟ್ಟು ನೋಡುವುದರಿಂದ ಜ್ವರವಿದೆಯೋ ಇಲ್ಲವೋ ಎಂಬ ಅಂದಾಜು ಸಿಗಬಹುದೇ ಹೊರತು ಎಷ್ಟಿದೆ ಎಂದು ತಿಳಿಯದು. ಔಷಧಿ ಅಂಗಡಿಗಳಲ್ಲಿ ದೊರೆಯುವ ಡಿಜಿಟಲ್ ಥರ್ಮಾಮೀಟರನ್ನು ಶಿಶುವಿನ ಕಂಕುಳಲ್ಲಿ, ಬೆವರು ಒರೆಸಿ, ತುದಿಯು ಚರ್ಮಕ್ಕೆ ತಗಲುವಂತೆ ಇರಿಸಿ, ತೋಳನ್ನು ಎದೆಗೆ ಒತ್ತಿ ಹಿಡಿದು, ಸದ್ದು ಬರುವವರೆಗೆ ಕಾಯಬೇಕು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ, ಕುಂಚಿಗೆ ಹಾಕಿ ಕೌದಿ ಹೊದಿಸಿದ ಶಿಶುವಿನ ಮೈ ಜ್ವರವಿಲ್ಲದೆಯೂ ಬಿಸಿಯಾಗಿರುತ್ತದೆ. ಹೊದಿಕೆ ತೆಗೆದು ಹದಿನೈದು-ಇಪ್ಪತ್ತು ನಿಮಿಷಗಳ ನಂತರ ಮತ್ತೊಮ್ಮೆ ಅಳೆಯುವುದು ಒಳ್ಳೆಯದು.

100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರವೆಂದು ಪರಿಗಣಿಸಬೇಕು. ಅಳೆದ ಸಮಯವನ್ನೂ ಅಂಕಿಯನ್ನೂ ತಾಯಿ ಕಾರ್ಡಿನ ಜೊತೆ ಒಂದು ಚೀಟಿಯಲ್ಲಿ ಬರೆದಿಟ್ಟರೆ ವೈದ್ಯರಿಗೆ ಬಹಳ ಉಪಯೋಗವಾಗುತ್ತದೆ.

ಆರನೆಯ ಮತ್ತು ಹತ್ತನೆಯ ವಾರದ ಲಸಿಕೆಗಳ ವೇಳೆ ಶಿಶುವಿಗೆ ಇನ್ನೂ ಮೂರು ತಿಂಗಳು ತುಂಬಿರುವುದಿಲ್ಲ. ಇಷ್ಟು ಎಳೆಯ ಶಿಶುವಿನಲ್ಲಿ ಗಂಭೀರ ಸೋಂಕು ಕೂಡ ಜ್ವರವೊಂದನ್ನು ಬಿಟ್ಟು ಬೇರೇನನ್ನೂ ತೋರಿಸದಿರಬಹುದು. ಆದುದರಿಂದ ಈ ವಯಸ್ಸಿನಲ್ಲಿ ಜ್ವರ 100.4 ಡಿಗ್ರಿ ತಲುಪಿದರೆ, ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೂ, ಅದೇ ದಿನ ಆರೋಗ್ಯ ಕಾರ್ಯಕರ್ತೆಗೆ ಅಥವಾ ವೈದ್ಯಾಧಿಕಾರಿಗೆ ತಿಳಿಸಿ ಸಲಹೆ ಪಡೆಯತಕ್ಕದ್ದು. ಲಸಿಕೆಗೆ ಮೊದಲೇ ಜ್ವರವಿದ್ದ ಶಿಶುವಿನ ವಿಷಯದಲ್ಲಿ ಕಾಯುವ ಪ್ರಶ್ನೆಯೇ ಇಲ್ಲ.

ಪ್ಯಾರಾಸಿಟಮಾಲ್: ಅಳತೆಯಲ್ಲಿ ಎಚ್ಚರಿಕೆ

ಲಸಿಕೆಯ ಜ್ವರಕ್ಕೆ ಶಿಶುಗಳಿಗೆ ನೀಡಬಹುದಾದ ಔಷಧಿ ಪ್ಯಾರಾಸಿಟಮಾಲ್ ಒಂದೇ. ಸರಿಯಾದ ಅಳತೆಯಲ್ಲಿ ಇದು ಸುರಕ್ಷಿತ. ಅಳತೆ ಮೀರಿದರೆ ಯಕೃತ್ತಿಗೆ ಹಾನಿಯುಂಟಾಗುತ್ತದೆ. ಶಿಶುವಿನ ತೂಕದ ಪ್ರತಿ ಕಿಲೋಗ್ರಾಂಗೆ ಒಂದು ಬಾರಿಗೆ 10ರಿಂದ 15 ಮಿಲಿಗ್ರಾಂ ನೀಡಬೇಕು. ಲಸಿಕೆಯ ದಿನ ಮಗುವನ್ನು ತೂಗಿ ಕಾರ್ಡಿನಲ್ಲಿ ಬರೆದ ತೂಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ವಯಸ್ಸನ್ನಲ್ಲ.

ಮನೆಗಳಲ್ಲಿ ತಪ್ಪು ಸಂಭವಿಸುವುದು ಹೆಚ್ಚಾಗಿ ಇಲ್ಲಿಯೇ. ಅಂಗಡಿಗಳಲ್ಲಿ ಈ ಔಷಧಿಯು ಒಂದೇ ಹೆಸರಿನಲ್ಲಿ, ಒಂದೇ ಬಗೆಯ ಡಬ್ಬಿಯಲ್ಲಿ, ಮೂರು ಬೇರೆ ಬೇರೆ ಪ್ರಬಲತೆಗಳಲ್ಲಿ ದೊರೆಯುತ್ತದೆ. ಹನಿ ಔಷಧಿಯಲ್ಲಿ (ಡ್ರಾಪ್ಸ್) ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಒಂದು ಬಗೆಯು 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಇನ್ನೊಂದು ಬಗೆಯು 5 ಮಿಲಿಲೀಟರಿಗೆ 250 ಮಿಲಿಗ್ರಾಂ ಹೊಂದಿರುತ್ತದೆ. ಶಿಶುಗಳಿಗೆಂದು ಪುಟ್ಟ ಶೀಶೆಯಲ್ಲಿ ಬರುವ ಹನಿ ಔಷಧಿಯೇ ಮೂರರಲ್ಲಿ ಅತ್ಯಂತ ಪ್ರಬಲವಾದುದು ಎಂಬುದು ಹಲವರಿಗೆ ತಿಳಿದಿರುವುದಿಲ್ಲ.

ಉದಾಹರಣೆಗೆ, 4 ಕಿಲೋಗ್ರಾಂ ತೂಕದ ಶಿಶುವಿಗೆ ಒಂದು ಬಾರಿಗೆ ಬೇಕಾದುದು 40ರಿಂದ 60 ಮಿಲಿಗ್ರಾಂ. ಹನಿ ಔಷಧಿಯಾದರೆ ಅದು 0.4ರಿಂದ 0.6 ಮಿಲಿಲೀಟರ್, 125ರ ಸಿರಪ್ಪಾದರೆ 1.6ರಿಂದ 2.4 ಮಿಲಿಲೀಟರ್, 250ರ ಸಿರಪ್ಪಾದರೆ 0.8ರಿಂದ 1.2 ಮಿಲಿಲೀಟರ್. ಸಿರಪ್ಪಿನ ಲೆಕ್ಕದಲ್ಲಿ "ಎರಡು ಎಂ.ಎಲ್." ಎಂದು ನೆನಪಿಟ್ಟುಕೊಂಡವರು ಅಷ್ಟನ್ನೇ ಹನಿ ಔಷಧಿಯಲ್ಲಿ ಕೊಟ್ಟರೆ ಆ ಶಿಶುವಿಗೆ 200 ಮಿಲಿಗ್ರಾಂ, ಅಂದರೆ ಮಿತಿಯ ಮೂರು ಪಟ್ಟಿಗೂ ಹೆಚ್ಚು ಔಷಧಿ ಹೋಗುತ್ತದೆ. ಮಾತ್ರೆಯ ವಿಷಯದಲ್ಲೂ ಹೀಗೆಯೇ. 500 ಮಿಲಿಗ್ರಾಂ ಮಾತ್ರೆಯ ಕಾಲು ಭಾಗದಲ್ಲಿ 125 ಮಿಲಿಗ್ರಾಂ ಇರುತ್ತದೆ. ಒಂಬತ್ತು ಕಿಲೋಗ್ರಾಂ ತೂಗುವ ಮಗುವಿಗೆ ಇದು ಸರಿಯಾದ ಅಳತೆ. ನಾಲ್ಕು ಕಿಲೋಗ್ರಾಂ ಶಿಶುವಿಗೆ ಎರಡು ಪಟ್ಟು ಹೆಚ್ಚು. ದೊಡ್ಡ ಮಗುವಿಗೆ ಅಂದು ಕಾಲು ಮಾತ್ರೆ ಅರೆದು ಕೊಟ್ಟಿದ್ದೆವು ಎಂದು ಚಿಕ್ಕದಕ್ಕೂ ಹಾಗೆಯೇ ಮಾಡಬಾರದು.

ಅಡುಗೆ ಮನೆಯ ಚಮಚದಿಂದ ಅಳೆಯದೆ, ಶೀಶೆಯೊಂದಿಗೆ ಬಂದ ಹನಿಕೊಳವೆಯನ್ನೋ ಅಳತೆಯ ಮುಚ್ಚಳವನ್ನೋ ಬಳಸಬೇಕು. ಒಂದು ಶೀಶೆಯ ಹನಿಕೊಳವೆಯನ್ನು ಇನ್ನೊಂದಕ್ಕೆ ಉಪಯೋಗಿಸಬಾರದು. ಎರಡು ಬಾರಿಯ ನಡುವೆ ಆರು ಗಂಟೆಗಳ ಅಂತರವಿರಲಿ. ಒಂದು ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ಕೊಡಬಾರದು. ಮೂರು ತಿಂಗಳೊಳಗಿನ ಶಿಶುವಿಗೆ ಮೊದಲ ಬಾರಿಯ ಅಳತೆಯನ್ನೇ ಆರೋಗ್ಯ ಕಾರ್ಯಕರ್ತೆಯಿಂದ ಬರೆಸಿಕೊಂಡಿರಬೇಕು, ಎರಡು ಬಾರಿ ಕೊಟ್ಟ ನಂತರವೂ ಜ್ವರ ಮರುಕಳಿಸಿದರೆ ಮೂರನೆಯದನ್ನು ಕೊಡದೆ ವೈದ್ಯರನ್ನು ಕಾಣಬೇಕು. ರಾತ್ರಿ ಅಜ್ಜಿ ಒಮ್ಮೆ, ತಾಯಿ ಒಮ್ಮೆ ಕೊಟ್ಟು ಔಷಧಿ ಇಮ್ಮಡಿಯಾಗುವ ಸಂಭವವಿರುವುದರಿಂದ ಕೊಟ್ಟ ಸಮಯವನ್ನು ಬರೆದಿಡುವುದು ಅಗತ್ಯ.

ಲಸಿಕೆಗೆ ಮುನ್ನವೇ, ಜ್ವರ ಬಾರದಿರಲೆಂದು ಪ್ಯಾರಾಸಿಟಮಾಲ್ ಕೊಡುವ ಅಗತ್ಯವಿಲ್ಲ. 2009ರಲ್ಲಿ ಪ್ರಕಟವಾದ, ಝೆಕ್ ಗಣರಾಜ್ಯದಲ್ಲಿ ನಡೆದ ಅಧ್ಯಯನವೊಂದರಲ್ಲಿ ಹೀಗೆ ಮುಂಚಿತವಾಗಿ ಔಷಧಿ ಪಡೆದ ಶಿಶುಗಳಲ್ಲಿ ಕೆಲವು ಲಸಿಕೆಗಳಿಗೆ ಪ್ರತಿರೋಧವು ಕಡಿಮೆ ಪ್ರಮಾಣದಲ್ಲಿ ಬೆಳೆದುದು ಕಂಡುಬಂದಿತು. ಜ್ವರ ಬಂದು ಶಿಶುವಿಗೆ ಸಂಕಟವಾಗುತ್ತಿದ್ದರೆ ಮಾತ್ರ ಔಷಧಿ ನೀಡಿದರೆ ಸಾಕು. ಅಂಕಿ ಸ್ವಲ್ಪ ಹೆಚ್ಚಿದ್ದರೂ ಮಗು ಹಾಲು ಕುಡಿದು ಮಲಗಿದ್ದರೆ ಔಷಧಿಗಾಗಿ ಎಬ್ಬಿಸಬೇಕಾಗಿಲ್ಲ.

ಲಸಿಕಾ ಸ್ಥಳದಲ್ಲಿ ಮಾತ್ರೆ ಅಥವಾ ಔಷಧಿ ನೀಡಿದಾಗ ಅದರ ಹೆಸರನ್ನು ಓದಿಯೇ ಮನೆಗೆ ಒಯ್ಯಬೇಕು. ಬಿಡಿ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರೆ ಹೆಸರಿರುವ ಪಟ್ಟಿಯನ್ನು ಕೇಳಬೇಕು. ನೆರೆಯ ತೆಲಂಗಾಣದ ಹೈದರಾಬಾದಿನ ನಾಂಪಲ್ಲಿಯಲ್ಲಿ 2019ರ ಮಾರ್ಚ್ ತಿಂಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯ ನಂತರ ಪ್ಯಾರಾಸಿಟಮಾಲ್ ಬದಲಿಗೆ ಟ್ರಾಮಡಾಲ್ ಎಂಬ ತೀವ್ರ ನೋವುನಿವಾರಕ ಮಾತ್ರೆಗಳು ವಿತರಣೆಯಾಗಿ, ಹಲವು ಶಿಶುಗಳು ಆಸ್ಪತ್ರೆ ಸೇರಿದವು ಮತ್ತು ಶಿಶುಮರಣಗಳೂ ಸಂಭವಿಸಿದವು. ಆ ಪ್ರಕರಣದಲ್ಲಿ ಲಸಿಕೆಯಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಆಸ್ಪಿರಿನ್ ಮಕ್ಕಳಿಗೆ ನೀಡಲೇಬಾರದು. ನಿಮೆಸುಲೈಡ್ ಔಷಧಿಯನ್ನು 12 ವರ್ಷದೊಳಗಿನ ಮಕ್ಕಳಿಗೆ ಬಳಸುವುದನ್ನು ದೇಶದಲ್ಲಿ 2011ರಲ್ಲಿಯೇ ನಿಷೇಧಿಸಲಾಗಿದೆ. ಐಬುಪ್ರೊಫೆನ್ ಆರು ತಿಂಗಳೊಳಗಿನ ಶಿಶುಗಳಿಗೆ ತಕ್ಕುದಲ್ಲ. ಪ್ಯಾರಾಸಿಟಮಾಲ್ ಜೊತೆ ಇದನ್ನು ಬೆರೆಸಿದ ಸಿರಪ್‌ಗಳೂ ಅಂಗಡಿಯಲ್ಲಿರುವುದರಿಂದ ಲೇಬಲ್ ನೋಡಿಯೇ ಕೊಳ್ಳಬೇಕು.

ಮನೆಯ ಆರೈಕೆ

ತಾಯಿಯ ಹಾಲೇ ಮೊದಲ ಚಿಕಿತ್ಸೆ. ಜ್ವರವಿರುವ ಶಿಶು ಒಮ್ಮೆಗೆ ಕಡಿಮೆ ಕುಡಿಯುವುದರಿಂದ ಪದೇ ಪದೇ ಎದೆಗೆ ಹಾಕಬೇಕು. ಆರು ತಿಂಗಳವರೆಗೆ ನೀರು, ಸಕ್ಕರೆ ನೀರು, ಗುಟ್ಟಿ, ಬಜೆ ತೇಯ್ದ ನೀರು ಯಾವುದೂ ಬೇಡ. ದಿನಕ್ಕೆ ಆರು ಬಾರಿಯಾದರೂ ಮೂತ್ರ ಹೋಗುತ್ತಿದ್ದರೆ ಹಾಲು ಸಾಕಾಗುತ್ತಿದೆಯೆಂದು ತಿಳಿಯಬಹುದು.

ಜ್ವರ ಬಂದ ಮಗುವಿಗೆ "ಥಂಡಿ ಹತ್ತುತ್ತದೆ" ಎಂದು ಬಾಗಿಲು-ಕಿಟಕಿ ಮುಚ್ಚಿ, ಕೌದಿ ಹೊದಿಸಿ, ಕೆಂಡದ ಕಾವು ಮತ್ತು ಲೋಬಾನದ ಹೊಗೆ ಹಾಕುವ ರೂಢಿ ಈ ಭಾಗದ ಬಾಣಂತಿ ಕೋಣೆಗಳಲ್ಲಿ ಇನ್ನೂ ಇದೆ. ಇದು ಜ್ವರವನ್ನು ಏರಿಸುವುದಲ್ಲದೆ ಶಿಶುವಿನ ಉಸಿರಾಟಕ್ಕೂ ಕೆಡುಕು. ಒಂದು ಪದರ ತೆಳುವಾದ ಹತ್ತಿ ಬಟ್ಟೆ ಸಾಕು. ತಣ್ಣೀರು ಅಥವಾ ಮಂಜುಗಡ್ಡೆಯಿಂದ ಮೈ ಒರೆಸಿದರೆ ಮಗು ನಡುಗಿ ಜ್ವರ ಮತ್ತಷ್ಟು ಏರುತ್ತದೆ. ಒರೆಸಲೇಬೇಕೆನಿಸಿದರೆ ಉಗುರುಬೆಚ್ಚಗಿನ ನೀರನ್ನು ಬಳಸಬಹುದು.

ತೊಡೆಯ ಬಾವಿಗೆ ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ಮೆಲ್ಲನೆ ಇಡಬಹುದು. ಉಜ್ಜುವುದು, ಎಣ್ಣೆ ತಿಕ್ಕುವುದು, ಬಿಸಿ ಕಾವು ಕೊಡುವುದು, ಅರಿಶಿಣ ಅಥವಾ ಸುಣ್ಣ ಹಚ್ಚುವುದು ಮಾಡಬಾರದು. ಸೂಜಿಯ ಜಾಗದಲ್ಲಿ ಸಣ್ಣ ಗಂಟು ಕೆಲವು ವಾರ ಉಳಿದು ತಾನಾಗಿಯೇ ಕರಗುತ್ತದೆ. ದೃಷ್ಟಿ ನಿವಾಳಿಸುವುದರಿಂದ ಮಗುವಿಗೆ ತೊಂದರೆಯೇನೂ ಇಲ್ಲ. ಆದರೆ ಬರೆ ಹಾಕುವುದು ಗಾಯಕ್ಕೂ ನಂಜಿಗೂ ಕಾರಣವಾಗುವ ಕ್ರೂರ ಪದ್ಧತಿಯಾಗಿದ್ದು, ಅದನ್ನು ಯಾವ ಕಾರಣಕ್ಕೂ ಅನುಸರಿಸಬಾರದು.

ತಡಮಾಡದೆ ಆಸ್ಪತ್ರೆಗೆ

ಲಸಿಕೆಯ ನಂತರ ಅರ್ಧ ಗಂಟೆ ಲಸಿಕಾ ಸ್ಥಳದಲ್ಲಿಯೇ ಕುಳಿತಿರಬೇಕೆಂದು ಹೇಳುವುದು ಅತಿ ವಿರಳವಾದ ತೀವ್ರ ಅಲರ್ಜಿಯನ್ನು ಅಲ್ಲಿಯೇ ಗುರುತಿಸಿ ಚಿಕಿತ್ಸೆ ನೀಡುವುದಕ್ಕಾಗಿ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗಬಾರದು.

ಮನೆಗೆ ಬಂದ ಮೇಲೆ ಮಗು ಎದೆಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಮೈ ಜೋಲುಬಿದ್ದು ಬಿಳಿಚಿಕೊಂಡರೆ, ಉಸಿರು ಜೋರಾಗಿ ಪಕ್ಕೆ ಸೆಳೆಯುತ್ತಿದ್ದರೆ, ನೆತ್ತಿ ಉಬ್ಬಿದರೆ, ಕುಡಿದುದೆಲ್ಲವನ್ನೂ ವಾಂತಿ ಮಾಡಿದರೆ, ಮೂರು ಗಂಟೆಗೂ ಮೀರಿ ಸಮಾಧಾನವಾಗದೆ ಅತ್ತರೆ ಅಥವಾ ಜ್ವರ 102.2 ಡಿಗ್ರಿ (39 ಡಿಗ್ರಿ ಸೆಲ್ಸಿಯಸ್) ಮುಟ್ಟಿದರೆ ಬೆಳಗಾಗಲೆಂದು ಕಾಯಬಾರದು. ಮೈ ತಣ್ಣಗಾಗಿ ಮಗು ನಿಸ್ತೇಜವಾಗುವುದು ಕೂಡ ಜ್ವರದಷ್ಟೇ ಅಪಾಯದ ಸೂಚನೆ.

ಸೆಳವು (ಫಿಟ್ಸ್) ಬಂದಲ್ಲಿ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕದೆ, ಗಡಿಯಾರ ನೋಡಿ ಸಮಯ ಗುರುತಿಸಬೇಕು. ಕೈಗೆ ಕೀಲಿಕೈ ಕೊಡುವುದು, ಈರುಳ್ಳಿ ಮೂಸಿಸುವುದು ಇವುಗಳಿಂದ ಪ್ರಯೋಜನವಿಲ್ಲ. ವಾಹನ ತರಿಸುವ ಸಮಯ ಮಾತ್ರ ಹಾಳು. ಜ್ವರದ ಸೆಳವು ಸಾಮಾನ್ಯವಾಗಿ ಆರು ತಿಂಗಳ ನಂತರದ ಮಕ್ಕಳಲ್ಲಿ ಕಾಣುವಂತಹುದು, ಹೆಚ್ಚಿನವು ಐದು ನಿಮಿಷದೊಳಗೆ ನಿಲ್ಲುತ್ತವೆ. ನಿಂತರೂ ವೈದ್ಯರಿಗೆ ತೋರಿಸಬೇಕು. ಆರು ತಿಂಗಳೊಳಗಿನ ಶಿಶುವಿಗೆ ಸೆಳವು ಬಂದರೆ ಅದನ್ನು ಜ್ವರದ ಲೆಕ್ಕಕ್ಕೆ ಹಾಕದೆ ತುರ್ತು ಚಿಕಿತ್ಸೆ ಕೊಡಿಸಬೇಕು.

108 ಸಂಖ್ಯೆಗೆ ಕರೆ ಮಾಡಿ ಆರೋಗ್ಯ ಕವಚ ವಾಹನವನ್ನು ಉಚಿತವಾಗಿ ಪಡೆಯಬಹುದು. ಹತ್ತಿಮತ್ತೂರು ಭಾಗದವರಿಗೆ ಸವಣೂರಿನ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಮುಂದೆ ಹಾವೇರಿಯ ಜಿಲ್ಲಾ ಆಸ್ಪತ್ರೆ ಇವೆ. ಶಿಗ್ಗಾಂವಿ, ಹಾನಗಲ್ಲು ಹಾಗೂ ಹಿರೇಕೆರೂರಿನವರು ತಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಹೊರಡುವಾಗ ತಾಯಿ ಕಾರ್ಡ್, ಕೊಟ್ಟ ಔಷಧಿಯ ಶೀಶೆ ಅಥವಾ ಮಾತ್ರೆಯ ಪಟ್ಟಿ ಮತ್ತು ಜ್ವರ ಬರೆದ ಚೀಟಿಯನ್ನು ತಪ್ಪದೆ ಒಯ್ಯಬೇಕು.

ಮುಂದಿನ ವರಸೆ

ಮೊದಲ ವರಸೆಯಲ್ಲಿ ಜ್ವರ ಬಂದಿತೆಂದು ಎರಡನೆಯದನ್ನು ಕೈಬಿಡುವುದು ದೊಡ್ಡ ತಪ್ಪು. ನಾಯಿಕೆಮ್ಮು ಹೆಚ್ಚು ಬಲಿ ತೆಗೆದುಕೊಳ್ಳುವುದು ಎಳೆಯ ಶಿಶುಗಳನ್ನೇ, ಒಂದೇ ವರಸೆಯಿಂದ ಪೂರ್ಣ ರಕ್ಷಣೆ ದೊರೆಯುವುದಿಲ್ಲ. ನೆಗಡಿ, ಸಣ್ಣ ಕೆಮ್ಮು, ಲಘು ಜ್ವರ ಇವು ಲಸಿಕೆ ಮುಂದೂಡಲು ಕಾರಣಗಳಲ್ಲ. ಹಿಂದಿನ ವರಸೆಯ ನಂತರ ಸೆಳವು, ಪ್ರಜ್ಞೆ ತಪ್ಪುವುದು, ಮೈ ಜೋಲುಬೀಳುವುದು ಅಥವಾ ತೀವ್ರ ಅಲರ್ಜಿ ಆಗಿದ್ದಲ್ಲಿ ಮಾತ್ರ ಲಸಿಕೆಗೆ ಮುನ್ನ ವೈದ್ಯಾಧಿಕಾರಿಗೆ ತಿಳಿಸಬೇಕು. ಮುಂದಿನ ಲಸಿಕೆ ಯಾವುದೆಂದು ಅವರು ನಿರ್ಧರಿಸುತ್ತಾರೆ. ವರಸೆ ತಡವಾಗಿದ್ದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಲಾಗುತ್ತದೆ.

ಪೋಷಕರಿಗೆ ದೊರೆಯುವ ಸೇವೆಗಳು

ಚೊಚ್ಚಲ ಹೆರಿಗೆಯ ನಂತರ ತಾಯಿ ಕೆಲವು ತಿಂಗಳು ತವರಿನಲ್ಲಿಯೇ ಇರುವುದರಿಂದ ಮೊದಲ ಮೂರು ವರಸೆಗಳು ತವರಿನ ಊರಿನಲ್ಲಿ ಬರುತ್ತವೆ. ತಾಯಿ ಕಾರ್ಡ್ ಗಂಡನ ಮನೆಯ ಉಪಕೇಂದ್ರದ್ದಾಗಿದ್ದರೂ ಯಾವುದೇ ಸರ್ಕಾರಿ ಲಸಿಕಾ ಸ್ಥಳದಲ್ಲಿ ಲಸಿಕೆಯನ್ನು ನಿರಾಕರಿಸುವಂತಿಲ್ಲ. ಯು-ವಿನ್ ಪೋರ್ಟಲಿನಲ್ಲಿ ಮೊಬೈಲ್ ಸಂಖ್ಯೆಯೊಂದಿಗೆ ನೋಂದಾಯಿಸಿದರೆ ಮುಂದಿನ ವರಸೆಯ ದಿನಾಂಕವನ್ನು ತಿಳಿಯಬಹುದು, ಲಸಿಕಾ ಪ್ರಮಾಣಪತ್ರವನ್ನೂ ಪಡೆಯಬಹುದು.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಈಗ ಒಂದು ವರ್ಷದವರೆಗಿನ ಅಸ್ವಸ್ಥ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ಔಷಧಿ, ಪರೀಕ್ಷೆಗಳು ಹಾಗೂ ಆಸ್ಪತ್ರೆಗೆ ಹೋಗಿಬರುವ ವಾಹನ ಉಚಿತ. ಲಸಿಕೆಯ ನಂತರದ ಜ್ವರಕ್ಕಾಗಿ ದಾಖಲಾದ ಶಿಶುವಿಗೂ ಇದು ಅನ್ವಯಿಸುತ್ತದೆ.

ಲಸಿಕೆಯ ನಂತರ ಶಿಶುವನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಅಥವಾ ಒಂದೇ ದಿನ ಒಂದೇ ಸ್ಥಳದಲ್ಲಿ ಲಸಿಕೆ ಪಡೆದ ಹಲವು ಶಿಶುಗಳು ಅಸ್ವಸ್ಥರಾದರೆ, ಪೋಷಕರು ಆಶಾ ಕಾರ್ಯಕರ್ತೆ, ಆರೋಗ್ಯ ಕಾರ್ಯಕರ್ತೆ ಅಥವಾ ವೈದ್ಯಾಧಿಕಾರಿಗೆ ಕೂಡಲೇ ತಿಳಿಸತಕ್ಕದ್ದು. ಚಿಕಿತ್ಸೆ ಖಾಸಗಿ ಆಸ್ಪತ್ರೆಯಲ್ಲಿ ನಡೆಯುತ್ತಿದ್ದರೂ ತಿಳಿಸಬೇಕು. ಇಂತಹ ಪ್ರಕರಣಗಳನ್ನು ಜಿಲ್ಲಾ ಮಟ್ಟದ ಸಮಿತಿಯು ಪರಿಶೀಲಿಸುತ್ತದೆ. ಪರಿಶೀಲನೆಗೆ ಲಸಿಕೆಯ ಬ್ಯಾಚ್ ಸಂಖ್ಯೆ ಮತ್ತು ಮಗುವಿಗೆ ಕೊಟ್ಟ ಔಷಧಿ ಬೇಕಾಗುವುದರಿಂದ ಖಾಲಿ ಶೀಶೆಯನ್ನೂ ಎಸೆಯದೆ ಇಟ್ಟುಕೊಂಡಿರಬೇಕು.